ಊರು ನೋಡಲು ಬಂದವರು ಅಕ್ಷರ ನೋಡಿ ಹೋದರು

ಮಂಗಳೂರಿನ ಹಂಪನಕಟ್ಟೆಯ ಗಡಿಯಾರ ಗೋಪುರದ ಕಥೆ ನಿಮಗೆ ಗೊತ್ತೇ ಇದೆ. ವಾಹನಗಳಿಗೆ ಅಡ್ಡ ಅಂತ ಹಳೆಯದನ್ನು ಕೆಡವಿದರು. ಎಷ್ಟೋ ವರ್ಷ ಕಳೆದ ಮೇಲೆ ಸ್ಮಾರ್ಟ್ ಸಿಟಿ ಹಣ ಬಂತು. ಅದೇ ಜಾಗದಲ್ಲಿ ಹೊಸದನ್ನು ಕಟ್ಟಿದರು. ಈ ನಡುವೆ ವಾಹನಗಳು ಕಡಿಮೆಯಾಗಿರಬೇಕು. ನಾವೇ ಗಮನಿಸಿಲ್ಲ.

ಮೊನ್ನೆ ಬೆಂಗಳೂರಿನಿಂದ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗ ಬಂದಿದ್ದರು. ಹುಡುಗನ ಮೊಬೈಲಿನಲ್ಲಿ ಮಂಗಳೂರಲ್ಲಿ ನೋಡಲೇಬೇಕಾದ ಜಾಗಗಳ ಪಟ್ಟಿ. ಅದರಲ್ಲಿ ಎರಡು ಮಾಲ್. ಬೆಂಗಳೂರಿನವರನ್ನು ಕರೆಸಿ ಮಾಲ್ ತೋರಿಸುವ ಧೈರ್ಯ ಸಣ್ಣದಲ್ಲ! ನಾಳೆ ನಾವು ಅವರಿಗೆ ಟ್ರಾಫಿಕ್ ಜಾಮ್ ಕೂಡ ತೋರಿಸಿಯೇವು, ಟಿಕೆಟ್ ಇಟ್ಟು.

"ಹಳೇ ಬಂದರಿಗೆ ಹೋಗೋಣ" ಅಂದೆ. ರಿಕ್ಷಾದವರು ಕನ್ನಡಿಯಲ್ಲೇ ನನ್ನನ್ನು ನೋಡಿದರು. "ಬಂದರಿಗಾ? ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ? ಮೀನು ಬೇಕಾದ್ರೆ ದೋಣಿ ಬರುವ ಧಕ್ಕೆಗೆ ಬಿಡ್ತೇನೆ."

ಸರಿಯೇ. ಎಂತ ಉಂಟು? ಹನ್ನೆರಡನೇ ಶತಮಾನದಲ್ಲಿ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇಲ್ಲಿ ಮನೆ ಮಾಡಿಕೊಂಡಿದ್ದ. ಕಂಚಿನ ಸಾಮಾನು ಮಾಡಿಸಿ ಯೆಮೆನ್‌ನ ಏಡನ್ ಬಂದರಿಗೆ ಕಳಿಸುತ್ತಿದ್ದ. ಅವನ ಆಳಿನ ಹೆಸರು ಬೊಮ್ಮ ಇರಬೇಕು ಅಂತ ವಿದ್ವಾಂಸರು ಓದುತ್ತಾರೆ. ಈ ಬೊಮ್ಮ ಒಮ್ಮೆ ಕೆಲಸದ ಮೇಲೆ ಏಡನ್‌ಗೆ ಹೋದ. ಅಲ್ಲಿ ಚೆನ್ನಾಗಿ ಕುಡಿದ. ಇನ್ನೂ ದುಡ್ಡು ಕೊಡಿ ಅಂತ ಪೀಡಿಸಿದ. ಪಾಪ, ಅಲ್ಲಿನ ವರ್ತಕ ಕಾಗದ ಬರೆದು ಯಜಮಾನನಿಗೆ ದೂರು ಹೇಳಿದ. ನಮ್ಮ ಊರಿನಿಂದ ಹೊರಟ ಪ್ರವಾಸಿಯ ಮೇಲೆ ಬಂದ ಮೊದಲ ದೂರು ಇದೇ ಇರಬಹುದು. ಗೋವಾಕ್ಕೆ ಹೋಗಿಬರುವ ನಮ್ಮ ಹುಡುಗರು ಇವನ ಫೋಟೋ ಇಟ್ಟು ಊದಿನಕಡ್ಡಿ ಹಚ್ಚಬೇಕು. ಆ ಕಾಗದಗಳು ಉಳಿದದ್ದು ಕೈರೋದ ಒಂದು ಸಿನಗಾಗ್‌ನಲ್ಲಿ. ಅಂದರೆ ಬೊಮ್ಮನ ಸುದ್ದಿ ಈಜಿಪ್ಟಿನಲ್ಲಿ ಸಿಕ್ಕಿತು. ಬಂದರಿನ ಬೀದಿಯಲ್ಲಿ ಅವನ ಬಗ್ಗೆ ಒಂದು ಬೋರ್ಡೂ ನನ್ನ ಕಣ್ಣಿಗೆ ಬಿದ್ದಿಲ್ಲ. 1342ರ ಸುಮಾರಿಗೆ ಬಂದ ಮೊರೊಕ್ಕೋದ ಯಾತ್ರಿಕ ಇಬ್ನ್ ಬತೂತನ ಬಗ್ಗೆಯೂ ಇಲ್ಲ. ಅವನು ಸೆಲ್ಫಿ ತೆಗೆದಿರಲಿಲ್ಲ ನೋಡಿ.

ಕೊನೆಗೆ ಸುಲ್ತಾನ್ ಬತ್ತೇರಿ. ಶತ್ರುಗಳ ಹಡಗು ಗುರುಪುರ ನದಿಗೆ ನುಗ್ಗಬಾರದು ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ. ಫಿರಂಗಿ ಇಡುವ ಕಿಂಡಿಯಲ್ಲಿ ಮುಖ ಇಟ್ಟು ಹುಡುಗ ಹನ್ನೊಂದು ಫೋಟೋ ತೆಗೆಸಿಕೊಂಡ. ನದಿ ಕಡೆ ನೋಡಲೇ ಇಲ್ಲ. ಹಡಗು ಬಂದಿದ್ದರೆ ಕಷ್ಟವಿತ್ತು.

ಆಮೇಲೆ ಬೀಚು. ಯಾವ ಬೀಚು ಅಂತ ಬೇಡ, ಎಲ್ಲ ಒಂದೇ. ಆಳೆತ್ತರದ ಕೆಂಪು ಹೃದಯ, ಆ ಕಡೆ 'ಐ', ಈ ಕಡೆ ಊರಿನ ಹೆಸರು, ಹಿಂದೆ ಎಲ್ಲೋ ಒಂದು ಸಮುದ್ರ. ಬಹಳ ಒಳ್ಳೆಯ ಯೋಜನೆ. ಪ್ರೀತಿ ಇದೆಯೋ ಇಲ್ಲವೋ ಅಂತ ಯಾರೂ ಕೇಳುವ ಹಾಗಿಲ್ಲ, ಕರೆಂಟು ಹಾಕಿ ಬರೆದಿದ್ದಾರೆ. ಮಲ್ಪೆಯವರು ಇನ್ನೂ ಮುಂದೆ. 2022ರ ಮೇಯಲ್ಲಿ ತೇಲುವ ಸೇತುವೆ ಮಾಡಿದರು. ಆ ದಡಕ್ಕೆ ಹೋಗುವುದಿಲ್ಲ, ಸಮುದ್ರದ ಒಳಗೆ ಸ್ವಲ್ಪ ದೂರ ಹೋಗಿ ವಾಪಸ್ ಬರಬೇಕು. ಉದ್ಘಾಟನೆಯಾಗಿ ಕೆಲವೇ ದಿನಕ್ಕೆ ಅಲೆ ಬಂದು ಅದನ್ನು ಬಿಡಿಬಿಡಿ ಮಾಡಿತು. ಸಮುದ್ರಕ್ಕೆ ಆಹ್ವಾನಪತ್ರಿಕೆ ಹೋಗಿರಲಿಲ್ಲ ಅಂತ ಕಾಣುತ್ತದೆ.

ಅಷ್ಟರಲ್ಲಿ ಚಿಕ್ಕಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. ಅವರಿಗೆ ಸಕ್ಕರೆ ಕಾಯಿಲೆ. ಶೌಚಾಲಯ ಇತ್ತು. ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಬೀಗ. ಬೀಗದ ಕೈ ಯಾರ ಹತ್ತಿರ? ಕಡಲೆ ಮಾರುವವರಿಗೆ ಗೊತ್ತಿಲ್ಲ, ಪಾರ್ಕಿಂಗ್ ಚೀಟಿ ಹರಿಯುವವರಿಗೆ ಗೊತ್ತಿಲ್ಲ. ನಲವತ್ತು ನಿಮಿಷ. ಅಷ್ಟೂ ಹೊತ್ತು ಆ ಹೃದಯ ಕೆಂಪಗೆ ಮಿನುಗುತ್ತಿತ್ತು. ತಮಾಷೆ ಸಾಕು. ಅರವತ್ತೆಂಟು ವರ್ಷದ ಹೆಂಗಸು ದಿನವಿಡೀ ನೀರು ಕುಡಿಯದೆ ಊರು ನೋಡಬೇಕಾ? ನಿಮ್ಮ ಅಕ್ಷರ ಯಾರಿಗೆ ಬೇಕು? ಒಂದು ಬೀಗ ತೆಗೆಯಿರಿ.

ಹೋಟೆಲಿನವರು ಒಬ್ಬರು ಒಳಗೆ ಬಿಟ್ಟರು. ಚಿಕ್ಕಮ್ಮ ನಾಚಿಕೆಯಿಂದ, ಬೇಡದಿದ್ದರೂ, ಎರಡು ಗೋಳಿಬಜೆ ತಿಂದರು.

ಹಳೇ ಬಂದರಿಗೆ ಹೋಗಲಿಲ್ಲ. ಅಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗೆ, ಅಂದರೆ ಸರಕಿನ ಹಡಗಿಗೆ, ತರಕಾರಿ, ಜಲ್ಲಿ ಏರಿಸುವುದನ್ನು ಪುಕ್ಕಟೆ ನೋಡಬಹುದಿತ್ತು. ಕತ್ತಲಾಯಿತು, ಗಡ್‌ಬಡ್ ಐಸ್‌ಕ್ರೀಮ್ ಬಾಕಿ ಇತ್ತು.

ಹುಡುಗ ರಾತ್ರಿ ಬಸ್ಸಿನಿಂದಲೇ ಆ ಹೃದಯದ ಫೋಟೋ ಹಾಕಿದ್ದಾನೆ. ಊರಿನ ಹೆಸರಿಗೆ ಸರಿಯಾಗಿ ಚಿಕ್ಕಪ್ಪ ಅಡ್ಡ ನಿಂತಿದ್ದಾರೆ. ಕೆಳಗೆ ಅವನ ಗೆಳೆಯ ಕೇಳಿದ್ದಾನೆ: "ಪಾಂಡಿಚೇರಿನಾ ಮಗಾ?"