ಕಂಬಾದೋಸ್‌ನಲ್ಲೇ ಬೀಡುಬಿಡಿ

ಸ್ಪೇನಿನ ಗಲೀಸಿಯಾಕ್ಕೆ ಹೋದವರು ಸಾಂತಿಯಾಗೊ ಚರ್ಚ್ ನೋಡಿ ವಾಪಸಾಗದೆ ರಿಯಾಸ್ ಬಾಯ್ಶಾಸ್ ಕಡಲತಡಿಗೂ ಹೋಗಿ ಎಂದು ನಾನು ಓದಿದ ಪ್ರವಾಸ ಲೇಖನವೊಂದು ಹೇಳಿರುವುದು ಸರಿಯಾಗಿದೆ. ಆದರೆ ಅದು ಕೊಟ್ಟಿರುವ, ದಿನಕ್ಕೊಂದು ಊರು ಸುತ್ತುವ ಪಟ್ಟಿ ಬೇಡ. ಅಲ್ಬರಿನ್ಯೊ ಎಂಬ ಬಿಳಿ ವೈನಿಗೆ ಹೆಸರಾದ, ಅದೇ ಕಡಲತಡಿಯ ಕಂಬಾದೋಸ್ ಪಟ್ಟಣದಲ್ಲೇ ನಾಲ್ಕು ರಾತ್ರಿ ಉಳಿಯಿರಿ. ಅಲ್ಲಿಗೆ ರೈಲಿಲ್ಲ, ಹತ್ತಿರದ ವಿಲಾಗಾರ್ಸಿಯಾದಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬಹುದು. ಆಗಸ್ಟ್ ಮೊದಲ ವಾರ ವೈನ್ ಹಬ್ಬ, ರೂಮು ಸಿಗುವುದು ಕಷ್ಟ. ಜೂನ್ ವಾಸಿ.

ತೋಟಗಳಲ್ಲಿ ದ್ರಾಕ್ಷಿ ಬಳ್ಳಿಯನ್ನು ಗ್ರಾನೈಟ್ ಕಂಬಗಳ ಚಪ್ಪರಕ್ಕೆ ಹಬ್ಬಿಸಿರುತ್ತಾರೆ. ಅಟ್ಲಾಂಟಿಕ್‌ನ ಮಳೆ, ತೇವ ಎರಡೂ ಜಾಸ್ತಿ. ಗೊಂಚಲಿನ ಅಡಿಯಲ್ಲಿ ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಈ ಚಪ್ಪರ. ಆ ಚಪ್ಪರದಡಿ ಒಮ್ಮೆ ನಿಂತು ನೋಡಲೇಬೇಕು.

ಹೆಚ್ಚಿನವರು ಎಡವುವುದು ಇದೇ ಕಡಲತಡಿಯಾಚೆಯ ಸಿಯೆಸ್ ದ್ವೀಪಗಳ ವಿಷಯದಲ್ಲಿ. ಬೇಸಿಗೆಯಲ್ಲಿ ದೋಣಿ ಟಿಕೆಟ್ ಒಂದೇ ಸಾಲದು. ಮೊದಲು ಗಲೀಸಿಯಾ ಸರ್ಕಾರದ ವೆಬ್‌ಸೈಟಿನಲ್ಲಿ ಉಚಿತ ಅನುಮತಿ ಪಡೆಯಿರಿ, ಅದರಲ್ಲಿ ಬರುವ ಕೋಡ್ ಹಾಕಿ 2 ಗಂಟೆಯೊಳಗೆ ಟಿಕೆಟ್ ಕೊಳ್ಳಿ. ತಡವಾದರೆ ಅನುಮತಿ ರದ್ದಾಗುತ್ತದೆ, ಮತ್ತೆ ಮೊದಲಿನಿಂದ ಶುರು.

ಸಸ್ಯಾಹಾರಿಗಳೇ, 'ಕಾಲ್ದೊ ಗಾಯೆಗೊ' ನೋಡಲು ನಮ್ಮ ಸೊಪ್ಪಿನ ಸಾರಿನ ಹಾಗಿದ್ದರೂ ಅದಕ್ಕೆ ಹಂದಿಯ ಕೊಬ್ಬು ಹಾಕಿರುತ್ತಾರೆ. ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಉದುರಿಸಿದ ಪಾದ್ರೋನ್ ಮೆಣಸಿನಕಾಯಿ ಕೇಳಿ. ನಡುವೆ ಒಂದೆರಡು ಮಾತ್ರ ಖಾರ.