ಗೂಗಲ್ ಕ್ಯೂನಲ್ಲಿ ಕಾಫಿ ಪುಡಿ

ಏಳು ತಿಂಗಳು ನಾನು ಷಟರ್ ಎಳೆದುಕೊಂಡೇ ವ್ಯಾಪಾರ ಮಾಡಿದೆ. ಗೊತ್ತಿರಲಿಲ್ಲ ಅಷ್ಟೆ.

ಅಂಗಡಿಯ ಷಟರ್ ಅಲ್ಲ. ಅದು ಬೆಳಗ್ಗೆ ಏಳೂವರೆಗೆ ಸರಿಯಾಗಿ ಮೇಲೆ ಹೋಗುತ್ತದೆ. ಹಾಸನದಲ್ಲಿ ನಮ್ಮದೊಂದು ಕಾಫಿ ಪುಡಿ ಅಂಗಡಿ, ಅಪ್ಪನ ಕಾಲದ್ದು. ಹಿಂದುಗಡೆ ಹುರಿಯುವ ಡ್ರಮ್ಮು, ಮುಂದುಗಡೆ ಬೀಸುವ ಮಿಷನ್ನು, ಮಧ್ಯೆ ನಾನು. ಬಂದವರು ಎಂಬತ್ತು-ಇಪ್ಪತ್ತು, ಎಪ್ಪತ್ತು-ಮೂವತ್ತು ಅಂತ ಕೇಳುತ್ತಾರೆ. ಅದರಂತೆ ಚಿಕೋರಿ ಬೆರೆಸಿ ಕೊಡುತ್ತೇನೆ. ನನಗೆ ಬರುವ ಲೆಕ್ಕ ಅಲ್ಲಿಗೆ ಮುಗಿಯಿತು. ಬೆಂಗಳೂರು ಸೇರಿದ ನಮ್ಮೂರ ಮಕ್ಕಳು ರಜಕ್ಕೆ ಬಂದಾಗಲೆಲ್ಲ ಎರಡೆರಡು ಕೆಜಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಇವರಿಗೆ ಕೊರಿಯರ್‌ನಲ್ಲೇ ಕಳಿಸಬಹುದಲ್ಲ ಅನ್ನಿಸಿತು. ವೆಬ್‌ಸೈಟ್ ಹುಟ್ಟಿದ್ದು ಹಾಗೆ.

ಮಾಡಿಕೊಟ್ಟ ಹುಡುಗ ಮೊದಲ ಪುಟಕ್ಕೆ ಒಂದು ಕಾಫಿ ಕಪ್ಪಿನ ಫೋಟೋ ಹಾಕಿದ್ದ. ನೊರೆಯ ಮೇಲೆ ಹೃದಯದ ಗುರುತು. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕಾಫಿ ಮೇಲೆ ಹೀಗೆ ಪ್ರೀತಿ ತೋರಿಸಿದವರಲ್ಲ. ಸ್ಟೀಲ್ ಲೋಟದ್ದು ಹಾಕಪ್ಪಾ ಅಂದೆ. "ಗೂಗಲ್ಲಿಗೆ ಅದು ಇಷ್ಟ ಆಗಲ್ಲ ಸಾರ್" ಅಂದ. ಗೂಗಲ್ಲಿಗೆ ಏನಿಷ್ಟ, ಏನು ಕಷ್ಟ ಅನ್ನುವ ಚಿಂತೆ ನನಗೆ ಅಂಟಿಕೊಂಡಿದ್ದು ಆವತ್ತಿನಿಂದ.

ಏಳು ತಿಂಗಳು ಒಂದು ಆರ್ಡರ್ ಬರಲಿಲ್ಲ. ಹೊಸ ಅಂಗಡಿ, ಜನಕ್ಕೆ ಗೊತ್ತಾಗಬೇಕಲ್ಲ ಅಂತ ಸುಮ್ನೆ ಕಾದೆ. ದೀಪಾವಳಿಗೆ ಬಂದ ಅಕ್ಕನ ಮಗ ಕಜ್ಜಾಯ ತಿನ್ನುತ್ತಾ ನನ್ನ ಲ್ಯಾಪ್‌ಟಾಪ್ ತೆಗೆದವನು, "ಮಾವ, ಇಲ್ಲಿ ಟಿಕ್ ಹಾಕಿದ್ಯಾರು?" ಅಂದ.

ವರ್ಡ್‌ಪ್ರೆಸ್ಸಿನಲ್ಲಿ ಸೈಟ್ ಕಟ್ಟುವಾಗ, ಅರ್ಧಂಬರ್ಧ ಇರೋದು ಊರಿಗೆಲ್ಲ ಕಾಣಬಾರದು ಅಂತ, ಸರ್ಚ್ ಇಂಜಿನ್‌ಗಳೇ ಇತ್ತ ತಲೆ ಹಾಕಬೇಡಿ ಅನ್ನುವ ಅರ್ಥದ ಒಂದು ಡಬ್ಬಿಗೆ ಟಿಕ್ ಹಾಕಿರುತ್ತಾರಂತೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ನಮ್ಮವನು ದುಡ್ಡು ತೆಗೆದುಕೊಂಡ, ಟಿಕ್ ತೆಗೆಯಲಿಲ್ಲ. ಗೂಗಲ್ ಊರೂರು ಸುತ್ತಿ ಪುಟ ಓದಿಕೊಂಡು ಬರಲಿಕ್ಕೆ ಗೂಗಲ್‌ಬಾಟ್ ಅಂತ ಒಂದನ್ನು ಬಿಟ್ಟಿದೆಯಲ್ಲ, ಅದು ಭಾರೀ ಮರ್ಯಾದಸ್ಥ. ಹಿಂದೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದನ್ನು ಓದಿ ದೆವ್ವ ವಾಪಸ್ ಹೋಗುತ್ತಿತ್ತಂತಲ್ಲ, ಹಾಗೆ ಏಳು ತಿಂಗಳು ನಮ್ಮ ಬಾಗಿಲಿಗೆ ಬಂದು ಬಂದು ಓದಿಕೊಂಡು ಹೋಗಿದೆ.

ಟಿಕ್ ತೆಗೆದ ಒಂದೆರಡು ವಾರಕ್ಕೆ ಗಲ್ಲಾಪೆಟ್ಟಿಗೆ ಹತ್ತಿರ ಕೂತು ಫೋನಿನಲ್ಲಿ ಹುಡುಕಿದೆ. ನಾವೇ ಫಸ್ಟು! ಅರ್ಧ ಕೆಜಿ ಮೈಸೂರು ಪಾಕ್ ತರಿಸಿ ಅಕ್ಕಪಕ್ಕದ ಅಂಗಡಿಗೆಲ್ಲ ಹಂಚಿದೆ. ರಾತ್ರಿ ಬೆಂಗಳೂರಿನ ನಾದಿನಿಗೆ ಫೋನ್ ಮಾಡಿ ನೋಡಲು ಹೇಳಿದರೆ, "ಐದು ಪುಟ ನೋಡಿದೆ ಭಾವ, ನೀವೆಲ್ಲೂ ಇಲ್ಲ" ಅಂದಳು. ಆರನೇ ಪುಟ ನೋಡುವಷ್ಟು ತಾಳ್ಮೆ ಸ್ವಂತ ನಾದಿನಿಗೂ ಇಲ್ಲ.

ಅಳಿಯನನ್ನು ಕೇಳಿದೆ. "ಮಾವ, ಅಂಗಡಿ ಒಳಗೇ ಕೂತು, ಅಂಗಡಿ ಹೆಸರನ್ನೇ ಹೊಡೆದು ಹುಡುಕಿದ್ರೆ ಗೂಗಲ್ ಇನ್ಯಾರನ್ನ ತೋರಿಸಬೇಕು?" ಅಂದ. ಹುಡುಕುವವರು ಎಲ್ಲಿ ನಿಂತಿದ್ದಾರೆ ಅಂತಲೂ ಅದು ನೋಡುತ್ತದಂತೆ. ಮೈಸೂರು ಪಾಕ್ ತಿಂದವರಿಗೆ ಈ ವಿಷಯ ನಾನು ಹೇಳಲಿಲ್ಲ.

ಇನ್ನು ಸ್ವಂತ ಬುದ್ಧಿ ಉಪಯೋಗಿಸುವುದು ಅಂತ ತೀರ್ಮಾನಿಸಿದೆ. ಅಲ್ಲಿಂದ ಶುರುವಾಯಿತು ನೋಡಿ.

ಜನ ಹುಡುಕುವ ಪದ ಪುಟದಲ್ಲಿ ಇರಬೇಕು ಅಂತ ಎಲ್ಲೋ ಕೇಳಿದ್ದೆ. ಒಂದು ಸಲ ಇದ್ದರೆ ಒಳ್ಳೆಯದು ಅಂದಮೇಲೆ ನಲವತ್ತಮೂರು ಸಲ ಇದ್ದರೆ ಇನ್ನೂ ಒಳ್ಳೆಯದಲ್ವಾ? 'ಹಾಸನದ ಬೆಸ್ಟ್ ಕಾಫಿ ಪುಡಿ' ಅನ್ನೋದನ್ನು ಹಿಂದೆ ಮುಂದೆ ಮಾಡಿ ನಲವತ್ತಮೂರು ಸಲ ತುಂಬಿದೆ. ಓದುವವರಿಗೆ ಕಿರಿಕಿರಿ ಆಗಬಾರದು ಅಂತ ಬಿಳಿ ಪುಟದ ಮೇಲೆ ಬಿಳಿ ಅಕ್ಷರ ಮಾಡಿದೆ. ಕಣ್ಣಿಗೆ ಕಾಣಲ್ಲ, ಗೂಗಲ್ಲಿಗೆ ಮಾತ್ರ ಕಾಣುತ್ತದೆ. ನನ್ನ ತಲೆಗೆ ನಾನೇ ಮೆಚ್ಚಿಕೊಂಡೆ.

ನಮ್ಮ ಖಾಯಂ ಗಿರಾಕಿ ಒಬ್ಬರು ಮೇಷ್ಟ್ರಿದ್ದಾರೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿ ರಿಟೈರ್ ಆದವರು. ಕಣ್ಣು ಮಂಜು, ಅದಕ್ಕೆ ಫೋನೇ ಗಟ್ಟಿಯಾಗಿ ಓದಿ ಹೇಳುವ ಹಾಗೆ ಮಗ ಮಾಡಿಕೊಟ್ಟಿದ್ದಾನೆ. ಒಂದು ಬೆಳಗ್ಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು, "ನಿನ್ನ ವೆಬ್‌ಸೈಟ್ ಕೇಳೋಣಪ್ಪಾ" ಅಂತ ಅಭಿಮಾನದಿಂದ ತೆಗೆದರು. ನಾಲ್ಕು ಜನ ಗಿರಾಕಿಗಳಿದ್ದರು.

ಫೋನು ಶುರು ಮಾಡಿತು. ಹಾಸನದ ಬೆಸ್ಟ್ ಕಾಫಿ ಪುಡಿ. ಬೆಸ್ಟ್ ಕಾಫಿ ಪುಡಿ ಹಾಸನ. ಕಾಫಿ ಪುಡಿ ಬೆಸ್ಟ್ ಹಾಸನದಲ್ಲಿ. ಹಾಸನದ ಬೆಸ್ಟ್ ಕಾಫಿ ಪುಡಿ. ಬಿಳಿ ಮೇಲೆ ಬಿಳಿ ಬರೆದರೆ ಕಣ್ಣಿಗೆ ಕಾಣಲ್ಲ ನಿಜ, ಕಿವಿಗೆ ಕೇಳಲ್ಲ ಅಂತ ಯಾರು ಹೇಳಿದರು? ನಾನು ಮಿಷನ್ ಬಿಟ್ಟು ಓಡಿಬಂದು ಫೋನ್ ಕಸಿದು ನಿಲ್ಲಿಸಲು ಒತ್ತಿದೆ. ಆ ಫೋನಿನಲ್ಲಿ ಒಂದು ಸಲ ಒತ್ತಿದರೆ ಅದು ನಿಲ್ಲುವುದಲ್ಲ, ಒತ್ತಿದ ಜಾಗದಲ್ಲಿ ಏನಿದೆಯೋ ಅದನ್ನು ಓದುವುದು. ಎರಡು ಸಲ ತಟ್ಟಬೇಕಂತೆ. ನಾನು ಒತ್ತಿದಲ್ಲೆಲ್ಲ ಹಾಸನದ ಬೆಸ್ಟ್ ಕಾಫಿ ಪುಡಿ.

ಕಡೆಗೆ ಮೇಷ್ಟ್ರೇ ನಿಲ್ಲಿಸಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ದ್ವಿರುಕ್ತಿ ಅಂದ್ರೆ ಎರಡು ಸಲ ಕಣಪ್ಪಾ" ಅಂದರು. ಅರ್ಧ ಕೆಜಿ ಅಂದಿದ್ದ ಗಿರಾಕಿಯೊಬ್ಬರು, "ನಂಗೆ ಕಾಲು ಕೆಜಿ ಸಾಕು" ಅಂದರು.

ಅಳಿಯ ಫೋನಿನಲ್ಲಿ ಬೈದ. ಇದೆಲ್ಲ ಹಳೇ ಆಟ, ಗೂಗಲ್ಲಿಗೆ ಸಿಕ್ಕಿಬಿದ್ದರೆ ಪಟ್ಟಿಯಿಂದಲೇ ಎತ್ತಿ ಬಿಸಾಕುತ್ತದೆ ಅಂದ. ಹುರುಳಿಲ್ಲದ ಪುಟಗಳನ್ನು ಕೆಳಗೆ ತಳ್ಳಲು 2011ರಲ್ಲಿ ಪಾಂಡಾ ಅಂತ ಒಂದು ಬದಲಾವಣೆ ತಂದರಂತೆ. ಪದ ತುರುಕುವವರಿಗೆ, ಕಳ್ಳ ಲಿಂಕ್ ಕೊಳ್ಳುವವರಿಗೆ ಅಂತ 2012ರಲ್ಲಿ ಪೆಂಗ್ವಿನ್. ಸಕಲೇಶಪುರ, ಆಲೂರಿನವರಿಗೆ ಆನೆ ಕಾಟ. ಆನೆಯಾದರೆ ಬಂದಾಗ ಗೊತ್ತಾಗುತ್ತದೆ. ಓದುವವರಿಗೆ ಕಾಣದ ಹಾಗೆ ಹುಡುಕುವ ಪದಗಳನ್ನು ಪಟ್ಟಿ ಮಾಡಿಡುವ, ಪುಟದ ಕೀವರ್ಡ್ ಟ್ಯಾಗ್ ಅಂತ ಇನ್ನೊಂದಿತ್ತು. ಅದನ್ನು ರ್‍ಯಾಂಕಿಗೆ ಲೆಕ್ಕಕ್ಕೇ ಹಿಡಿಯಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆಯಂತೆ. ನಾನು ಅದಕ್ಕೆ ಬೇರೆಯಾಗಿ 1,500 ರೂಪಾಯಿ ಕೊಟ್ಟಿದ್ದೆ. ರಸೀದಿ ಇನ್ನೂ ಇದೆ.

ಕನ್ನಡ ಬಿಡೋಣ, ಇಂಗ್ಲಿಷಿನಲ್ಲಿ ಪ್ರಯತ್ನಿಸೋಣ ಅಂದುಕೊಂಡೆ. ಅಲ್ಲಿ ಕಾದಿತ್ತು ಬೇರೆಯೇ ತಾಪತ್ರಯ. ನಮ್ಮೂರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಅದು ಅರ್ಧ ಪ್ರಪಂಚದಲ್ಲಿ ಗಂಡಸರ ಹೆಸರು. ಕಾಸಾಬ್ಲಾಂಕಾದಲ್ಲಿ ಆ ಹೆಸರಿನ ರಾಜನ ಭಾರೀ ಮಸೀದಿ ಇದೆ, ರಬಾತ್‌ನಲ್ಲಿ ಹಳೇ ಗೋಪುರ ಇದೆ. ಅವುಗಳ ಮಧ್ಯೆ ನಮ್ಮದು ಹುರಿಯುವ ಡ್ರಮ್ಮು. ಸರ್ಚ್ ಕನ್ಸೋಲ್ ಅಂತ ಗೂಗಲ್ ಪುಕ್ಕಟೆ ಕೊಡುತ್ತದೆ, ಯಾವ ದೇಶದವರಿಗೆ ಎಷ್ಟು ಸಲ ಕಾಣಿಸಿಕೊಂಡಿದ್ದೀರಿ ಅಂತ ಅದರಲ್ಲಿ ನೋಡಬಹುದು. ನೋಡಿದರೆ ಮೊರಾಕೋದಲ್ಲಿ ನಾನು ಅರಸೀಕೆರೆಗಿಂತ ಫೇಮಸ್ಸು! ಒಂದು ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಮೆಸೇಜು ಬಂತು, ನಾಲ್ಕು ಜನಕ್ಕೆ ಕಿಟಕಿ ಪಕ್ಕದ ಟೇಬಲ್ ಬೇಕು ಅಂತ. ನಮ್ಮಲ್ಲಿರೋದು ಒಂದು ಸ್ಟೂಲು. ಅದೂ ಮೇಷ್ಟ್ರದ್ದು.

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಆಗ ಪಕ್ಕದ ಚಿಕ್ಕಮಗಳೂರಿಗೆ ಒಂದು ಕೆ, ಒಂದು ಎ, ಬಾಲಕ್ಕೊಂದು ಯು ಸಿಕ್ಕಿತು. ನಮಗೇನೂ ಸಿಗಲಿಲ್ಲ. ಕೊನೆಗೊಂದು ಎ ಕೊಟ್ಟಿದ್ದರೂ ಸಾಕಿತ್ತು.

ಆಮೇಲೆ ಒಂದು ಫೋನ್ ಬಂತು. ಸಾವಿರ ಬ್ಯಾಕ್‌ಲಿಂಕ್, ಬರೀ 3,000 ರೂಪಾಯಿ. ಬ್ಯಾಕ್‌ಲಿಂಕ್ ಅಂದರೆ ಬೇರೆಯವರ ಪುಟದಿಂದ ನಿಮ್ಮ ಪುಟಕ್ಕೆ ಇರುವ ದಾರಿ. ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದಾಗ ಹೊಳೆಸಿಕೊಂಡ ಉಪಾಯ ಇದೇ, ಪೇಜ್‌ರ್‍ಯಾಂಕ್. ನಮ್ಮ ಕಡೆ ಗಂಡು ನೋಡುವಾಗ ಹುಡುಗನ ಬಗ್ಗೆ ಹುಡುಗನನ್ನೇ ಕೇಳುತ್ತಾರಾ? ಊರಿನವರನ್ನು ಕೇಳುತ್ತಾರೆ. ಅದರಲ್ಲೂ ನಾಲ್ಕು ಜನ ಮರ್ಯಾದೆ ಕೊಡುವವರು ಹೇಳಿದರೆ ಆ ಮಾತಿಗೆ ತೂಕ ಜಾಸ್ತಿ. ಅದನ್ನೇ ಲೆಕ್ಕ ಮಾಡಿ 1998ರಲ್ಲಿ ಕಂಪನಿ ಕಟ್ಟಿದರು. ನಮ್ಮ ಅಜ್ಜಿಯೂ ಹೀಗೇ ಮಾಡುತ್ತಿದ್ದಳು, ಕಂಪನಿ ಕಟ್ಟಲಿಲ್ಲ.

3,000 ಕೊಟ್ಟೆ. ನನ್ನ ಬಗ್ಗೆ ಒಳ್ಳೆ ಮಾತು ಹೇಳಿದವರು ಯಾರು ಅಂತ ನೋಡಿದರೆ ಒಬ್ಬ ನಾಯಿ ಬಿಸ್ಕತ್ತಿನವನು, ಒಬ್ಬ ಬೂಟ್ಸಿನವನು, ಮಿಕ್ಕವರೆಲ್ಲ ಆನ್‌ಲೈನ್ ಇಸ್ಪೀಟಿನವರು. ಇಂಥವರು ಸಾಕ್ಷಿ ಹೇಳಿದ ಗಂಡಿಗೆ ಯಾರು ಹೆಣ್ಣು ಕೊಡುತ್ತಾರೆ?

ಜಾಹೀರಾತಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಹೊಟ್ಟೆ ಉರಿಯುತ್ತದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಇಲ್ಲಿ ಎಂಥ ಸಾಲು ನಿಲ್ಲುತ್ತದೆ ಅಂತ ನಿಮಗೆ ಗೊತ್ತು. ಧರ್ಮದರ್ಶನದ್ದು ಒಂದು ಸಾಲು, 300 ರೂಪಾಯಿದು ಒಂದು, 1,000ದ್ದು ಇನ್ನೊಂದು. ಗೂಗಲ್ಲಿನಲ್ಲೂ ಮೇಲ್ಗಡೆ ಬರೋದು ದುಡ್ಡು ಕೊಟ್ಟವರ ಸಾಲು. ಈ ವರ್ಷ 1,000ದ ಟಿಕೆಟ್ ತಗೊಂಡೆ ಅಂತ ಮುಂದಿನ ವರ್ಷ ಧರ್ಮದರ್ಶನದಲ್ಲಿ ಯಾರೂ ಮುಂದೆ ಬಿಡಲ್ಲ. ಇಲ್ಲೂ ಹಾಗೇ, ಜಾಹೀರಾತು ಕೊಟ್ಟರೆ ಕೆಳಗಿನ ಸಾಲಿನಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲ್ಲ. ಯಾರಾದರೂ ಒತ್ತಿದಾಗಲೆಲ್ಲ ನನ್ನ ದುಡ್ಡು ಕರಗುತ್ತದೆ. ನಾಲ್ಕೇ ದಿನಕ್ಕೆ 2,000 ಖಾಲಿ, ಆರ್ಡರ್ ಸೊನ್ನೆ. ಇಷ್ಟು ಆಸೆಯಿಂದ ಒತ್ತುತ್ತಿರುವವರು ಯಾರು ಅಂತ ವಿಚಾರಿಸಿದರೆ ಅದರಲ್ಲಿ ನನ್ನ ಹೆಂಡತಿಯ ತಂದೆಯೂ ಇದ್ದರು. ಸ್ನಾನ, ಪೂಜೆ ಮುಗಿಸಿ ಅಳಿಯಂದಿರ ಅಂಗಡಿಯನ್ನು ದಿನಾ ಮೂರು ಸಲ ಒತ್ತುತ್ತಿದ್ದರಂತೆ, ಏಳಿಗೆ ಆಗಲಿ ಅಂತ.

"ರೀ, ಸಾಕು ಬಿಡಿ" ಅಂದಳು ಹೆಂಡತಿ. "ಅಂಗಡಿಗೆ ಬರೋ ಹೆಂಗಸರೆಲ್ಲ ನನ್ನ ಕೇಳೋದು ಒಂದೇ. ಡಿಕಾಕ್ಷನ್ ಇಳೀತಿಲ್ಲ, ಏನ್ಮಾಡೋದು ಅಂತ. ಅದನ್ನ ಹಾಕಿ." ಒಂದು ಭಾನುವಾರ ಮಧ್ಯಾಹ್ನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟಳು. ಪುಡಿ ತೀರಾ ನುಣ್ಣಗಿದ್ದರೆ ಕಟ್ಟಿಕೊಳ್ಳುತ್ತದೆ, ಅಂಗಡಿಯವನಿಗೆ ಸ್ವಲ್ಪ ತರಿ ಬಿಡಲು ಹೇಳಿ. ಪುಡಿಯನ್ನು ಅದುಮಿ ಅದುಮಿ ಕೂರಿಸಬೇಡಿ, ಅದೇನು ಪರೀಕ್ಷೆಯಲ್ಲ. ಕೆಳಗಿನ ಪಾತ್ರೆ ಬಿಗಿಯಾಗಿ ಕೂತರೆ ಒಳಗೆ ಹಬೆ ಸಿಕ್ಕಿಕೊಂಡು ತಡೆಯುತ್ತದೆ, ಮೇಲಿನದನ್ನು ಒಂದು ಸಲ ಸಡಿಲ ಮಾಡಿ ಕೂರಿಸಿ. ಅದಕ್ಕೂ ಬಗ್ಗದಿದ್ದರೆ ತೂತು ಕಟ್ಟಿದೆ ಅಂತ ಅರ್ಥ. ತೊಳೆದು ಒರೆಸಿ, ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿ ಮೇಲೆ ಕಾಯಿಸಿ. ಕಟ್ಟಿದ್ದೆಲ್ಲ ಸುಟ್ಟು ಉದುರುತ್ತದೆ. ಬಟ್ಟೆ ಹಿಡಿದು ಕಾಯಿಸಬೇಡಿ, ನಮ್ಮನೆಯವರು ಹಾಗೆ ಮಾಡಿದ್ದರು.

ಈ ಕೊನೆಯ ಸಾಲು ಬೇಡ ಅಂದೆ. ಅಳಿಯ ಅದನ್ನೂ ಸೇರಿಸಿ ಟೈಪ್ ಮಾಡಿದ.

ಮೂರು ತಿಂಗಳಾಯಿತು. ಡಿಕಾಕ್ಷನ್ ಇಳಿಯುತ್ತಿಲ್ಲ ಅಂತ ಕನ್ನಡದಲ್ಲಿ ಹುಡುಕಿದರೆ ಈಗ ನಾವೇ ಫಸ್ಟು. ನಾದಿನಿಯ ಫೋನಿನಲ್ಲೂ. ನಂಬರ್ ಇದೆಯಲ್ಲ ಅಂತ ಜನ ಫೋನೂ ಮಾಡುತ್ತಾರೆ. ಡಿಕಾಕ್ಷನ್ ಕಷ್ಟ ಬರೋದು ಬೆಳಗ್ಗೆ, ಹಾಗಾಗಿ ಫೋನ್ ಬರೋದೂ ಐದೂವರೆಗೆ.

ಮೊನ್ನೆ ಮೈಸೂರಿನಿಂದ ಒಬ್ಬರು ಅಮ್ಮ. ಬೀಗರು ಬಂದು ಕೂತಿದ್ದಾರೆ, ಫಿಲ್ಟರ್ ಅಲ್ಲಾಡುತ್ತಿಲ್ಲ. ನಾನು ಹಾಸಿಗೆಯಲ್ಲೇ ಕೂತು ಒಂದೊಂದಾಗಿ ಹೇಳಿಸಿದೆ. ಸಡಿಲ ಮಾಡಿ ಅಮ್ಮ. ಈಗ ಕೂರಿಸಿ. ಮುಚ್ಚಳ ತೆಗೀರಿ. ಮೆಲ್ಲಗೆ ತಟ್ಟಿ. ಅವರು ಫೋನನ್ನು ಫಿಲ್ಟರಿನ ಪಕ್ಕಕ್ಕೆ ಹಿಡಿದರು. ಇಬ್ಬರೂ ಉಸಿರು ಬಿಗಿ ಹಿಡಿದು ಕೇಳಿಸಿಕೊಂಡೆವು. ಟಪ್. ಟಪ್ ಟಪ್.

"ಇಳೀತಪ್ಪಾ! ನಿನ್ನ ಹೊಟ್ಟೆ ತಣ್ಣಗಿರಲಿ" ಅಂದರು.

ಇದೇ ಸಮಯ ಅಂತ, "ಅಮ್ಮ, ಮುಂದಿನ ಸಲ ಪುಡಿ ನಮ್ಮಲ್ಲೇ ತರಿಸಿ, ಕೊರಿಯರ್ ಮಾಡ್ತೀವಿ" ಅಂದೆ.

"ಓ," ಅಂದರು ಆಶ್ಚರ್ಯದಿಂದ, "ನೀವು ಪುಡಿನೂ ಮಾರ್ತೀರಾ?"