ಸಂದರ್ಭ ನೋಡಿ ಉತ್ತರಿಸಿ: ಕಾಸರಗೋಡು ಸೆಂಟರ್

ಕುಂಬಳೆಯ ನಮ್ಮ ಪಕ್ಕದ ಮನೆಯ ಹುಡುಗ ಅಮೆರಿಕದ ಕಾಲೇಜಿಗೆಂದು ಸ್ಯಾಟ್ ಪರೀಕ್ಷೆಗೆ ಓದುತ್ತಿದ್ದಾನೆ. ಓದುತ್ತಿದ್ದಾನೆ ಅಂದರೆ ಜಾಸ್ತಿಯಾಯಿತು. ಇಂಗ್ಲಿಷ್ ಭಾಗದಲ್ಲಿ 54 ಪ್ರಶ್ನೆಗೆ 64 ನಿಮಿಷ, ಓದಲು ಪುರುಸೊತ್ತೆಲ್ಲಿ? 25ರಿಂದ 150 ಪದಗಳ ಒಂದು ತುಣುಕು ಕೊಡುತ್ತಾರೆ. ಕೆಲವೊಮ್ಮೆ ಅದರಿಂದ ಒಂದು ಪದ ಎತ್ತಿ, ಇಲ್ಲಿ ಇದರ ಅರ್ಥಕ್ಕೆ ಹತ್ತಿರವಾದದ್ದು ಯಾವುದು ಅನ್ನುತ್ತಾರೆ. ನಾಲ್ಕು ಆಯ್ಕೆ.

ಕೋಚಿಂಗ್ ಸರ್ ಹೇಳಿಕೊಟ್ಟ ಮೊದಲ ಪಾಠ: ಥಟ್ಟನೆ ಹೊಳೆಯುವ ಅರ್ಥವನ್ನು ನಂಬಲೇಬೇಡ, ಅದೇ ಬಲೆ. ಪದವನ್ನು ಬೆರಳಿನಿಂದ ಮುಚ್ಚು, ಆ ಜಾಗಕ್ಕೆ ನಿನ್ನದೇ ಪದ ಹಾಕು, ಆಮೇಲೆ ಆಯ್ಕೆ ನೋಡು. ಪರೀಕ್ಷೆ ಈಗ ಕಂಪ್ಯೂಟರಿನಲ್ಲಿ. ಹುಡುಗನ ಲ್ಯಾಪ್‌ಟಾಪ್ ತುಂಬ ಬೆರಳಿನ ಗುರುತು.

ಹಿಂದೆ ಪದ ಗೊತ್ತಿದ್ದವನಿಗೆ ಬೆಲೆಯಿತ್ತು. ವಿರುದ್ಧ ಪದ ಕೇಳುವುದನ್ನು 1994ರಲ್ಲಿ ಬಿಟ್ಟರು. ಪದಗಳ ಜೋಡಿ ಕೊಟ್ಟು ಅದೇ ಸಂಬಂಧದ ಇನ್ನೊಂದು ಜೋಡಿ ಕೇಳುವುದು 2005ರಲ್ಲಿ ಹೋಯಿತು. ಬಾಯಿಪಾಠದ ಕಷ್ಟದ ಪದಗಳಿಗೆ 2016ರಲ್ಲಿ ರಜೆ ಕೊಟ್ಟರು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಆಗಲೇ ನಿಂತಿತು. ಊಹೆಗೆ ದಂಡವಿಲ್ಲ. ನಮ್ಮೂರಿಗೆ ಹೇಳಿ ಮಾಡಿಸಿದ ಪರೀಕ್ಷೆ, ಅಲ್ವಾ?

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಾವು ಬರೆಯುತ್ತಿರುವುದು ಇದೇ ಪೇಪರ್. ಈ ಹುಡುಗ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಅವನ ಅಜ್ಜಿಗೆ ಮಲಯಾಳ ಓದಲು ಬರುವುದಿಲ್ಲ. ಪಂಚಾಯತಿನ ಕಾಗದ ಬಂದರೆ ಮೊದಲು ಸೀಲು ನೋಡುತ್ತಾರೆ. ಆಮೇಲೆ ಕೆಳಗಿನ ಅಂಕಿ. ಆಮೇಲೆ ತಂದವನ ಮುಖ. "ಮನೆ ತೆರಿಗೆ. ಈ ತಿಂಗಳೇ ಕಟ್ಟಬೇಕು." ಸರಿ ಉತ್ತರ. ಆದರೆ ಇದಕ್ಕೆ ಯಾವ ಕಾಲೇಜೂ ಸೀಟು ಕೊಡುವುದಿಲ್ಲ.

ಹಾಗಾಗಿ ಸುಮ್ನೆ ನಾನೇ ಒಂದು ಮಾದರಿ ಪ್ರಶ್ನೆ ಬರೆದುಕೊಟ್ಟೆ.

"ಅರ್ಜಿ ಹಿಡಿದು ಕೌಂಟರಿಗೆ ಹೋದೆ. ಒಳಗಿದ್ದವರು ತಲೆ ಎತ್ತದೆ 'ನೋಕ್ಕಾಂ' ಎಂದರು." ಇಲ್ಲಿ 'ನೋಕ್ಕಾಂ' ಎಂಬ ಮಲಯಾಳ ಮಾತಿಗೆ ಹತ್ತಿರದ ಅರ್ಥ:
ಅ) ಈಗಲೇ ನೋಡುತ್ತೇನೆ
ಆ) ನಾಳೆ ನೋಡುತ್ತೇನೆ
ಇ) ಬೇರೆ ಸೀಟಿನವರು ನೋಡಲಿ
ಈ) ನಿನ್ನ ಅರ್ಜಿ ಕನ್ನಡದಲ್ಲಿದೆ

ಹುಡುಗ ಪದವನ್ನು ಬೆರಳಿನಿಂದ ಮುಚ್ಚಿದ. ತನ್ನದೇ ಪದ ಹಾಕಿದ. ಕೋಚಿಂಗ್ ಪ್ರಕಾರ ಥಟ್ಟನೆ ಹೊಳೆದ 'ಅ' ಬಿಟ್ಟ. ಉಳಿದ ಮೂರರಲ್ಲಿ ಸಿಕ್ಕಿಬಿದ್ದ.

ಅಜ್ಜಿ ಜಗಲಿಯಿಂದಲೇ ಕೇಳಿದರು: "ಆಗ ಗಂಟೆ ಎಷ್ಟಾಗಿತ್ತು?"

"ಅದು ಪ್ರಶ್ನೆಯಲ್ಲಿ ಇಲ್ಲ ಅಜ್ಜಿ."

"ಗುರುತಿನವರು ಯಾರಾದರೂ ಜೊತೆಗೆ ಹೋಗಿದ್ದರಾ?"

"ಅದೂ ಇಲ್ಲ."

"ಮತ್ತೆ ಉತ್ತರ ಹೇಗೆ ಹೇಳುವುದು ಮಾರಾಯಾ?"